ಸಹಾಯ ಬೇಕು: ಎನ್‌ಜಿನ್‌ಎಕ್ಸ್‌ಗೆ ಸಾಕೆಟ್ ಸಿಗುತ್ತಿಲ್ಲ, 502 ದೋಷ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದ ಪುಸ್ತಕಪಟ್ಟಿಗಾಗಿ ಜಾಂಗೋದಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು) ಬರೆದ ಆ್ಯಪ್ ಅನ್ನು ಉಬುಂಟು 22.04 ಸರ್ವರ್‌ನಲ್ಲಿ ಕೂರಿಸುತ್ತಿದ್ದೇನೆ. ಮುಂದೆ ಬ್ರೌಸರ್‌ನ ಕೋರಿಕೆ ಪಡೆಯುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಹಿಂದೆ ಆ್ಯಪ್ ಓಡಿಸುವ ಗುನಿಕಾರ್ನ್, ನಡುವೆ ಇವೆರಡೂ ಮಾತಾಡಿಕೊಳ್ಳುವ ಫೈಲ್, ಅಂದರೆ ಯುನಿಕ್ಸ್ ಸಾಕೆಟ್. ಬ್ರೌಸರ್ ತೆರೆದರೆ ಮಾತ್ರ ಪ್ರತಿ ಬಾರಿಯೂ 502 ಬ್ಯಾಡ್ ಗೇಟ್‌ವೇ (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂಬ ದೋಷ)!

ಗುನಿಕಾರ್ನ್ ಓಡುತ್ತಿದೆ. ನನ್ನ ಖಾತೆಯಿಂದಲೇ ಕರ್ಲ್ ಎಂಬ ಕಮಾಂಡ್ ಮೂಲಕ ಸಾಕೆಟ್‌ಗೆ ಕೇಳಿದರೆ ಪುಟ ಸರಿಯಾಗಿ ಬರುತ್ತದೆ. ಎನ್‌ಜಿನ್‌ಎಕ್ಸ್ ಲಾಗ್‌ನಲ್ಲಿ ಇರುವುದು '13: ಪರ್ಮಿಷನ್ ಡಿನೈಡ್' ಎಂಬ ಸಾಲು. ಸಾಕೆಟ್ ಫೈಲಿಗೆ 777 (ಎಲ್ಲರಿಗೂ ಪೂರ್ಣ) ಅನುಮತಿ ಕೊಟ್ಟೆ, ಎರಡೂ ಸೇವೆಗಳನ್ನು ಮರುಪ್ರಾರಂಭಿಸಿದೆ, ಏನೂ ಬದಲಾಗಲಿಲ್ಲ. ಸಾಕೆಟ್ ಬಿಟ್ಟು 127.0.0.1ರ (ಇದೇ ಸರ್ವರ್‌ನ ಒಳವಿಳಾಸ) 8000 ಪೋರ್ಟ್ ಬಳಸಿದರೆ ಎಲ್ಲವೂ ನಡೆಯುತ್ತದೆ.

ಸಾಕೆಟ್ ಇರುವುದು ನನ್ನ ಹೋಮ್ ಫೋಲ್ಡರ್‌ನೊಳಗೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಅನುಮತಿ 750 (ಮಾಲೀಕರಿಗೆ ಮತ್ತು ಅವರ ಗುಂಪಿಗೆ ಮಾತ್ರ ಪ್ರವೇಶ) ಆಗಿರುವುದರಿಂದ ಎನ್‌ಜಿನ್‌ಎಕ್ಸ್‌ನ ಬಳಕೆದಾರ ಖಾತೆ ಅದರೊಳಗೆ ಕಾಲಿಡಲಾರದು ಎಂಬಷ್ಟು ತಿಳಿಯಿತು. ಆದರೆ ಅದೇ ಫೋಲ್ಡರ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಕೂಡ ಇದೆ. ಅದನ್ನು ಎಲ್ಲರಿಗೂ ತೆರೆದಿಡಲು ನನಗೆ ಸುತರಾಂ ಮನಸ್ಸಿಲ್ಲ. ಸಾಕೆಟ್ ಅನ್ನು ರನ್ ಡೈರೆಕ್ಟರಿಗೆ (ಓಡುತ್ತಿರುವ ಸೇವೆಗಳ ತಾತ್ಕಾಲಿಕ ಫೈಲುಗಳ ಜಾಗ, /run) ಸಾಗಿಸೋಣವೆಂದರೆ, ಸರ್ವರ್ ರೀಬೂಟ್ ಆದಾಗ ಅಲ್ಲಿ ನಾನು ಮಾಡಿದ ಫೋಲ್ಡರ್ ಅಳಿಸಿಹೋಗುತ್ತದೆ.

ಬಲ್ಲವರು ದಯವಿಟ್ಟು ತಿಳಿಸಿ: ಎನ್‌ಜಿನ್‌ಎಕ್ಸ್ ಖಾತೆಯನ್ನು ನನ್ನ ಗುಂಪಿಗೆ ಸೇರಿಸುವುದು ಸುರಕ್ಷಿತವೇ, ಅಥವಾ ರನ್ ಡೈರೆಕ್ಟರಿಯೇ ಸರಿಯೇ? ಎರಡನೆಯದಾದರೆ, ಆ ಫೋಲ್ಡರ್ ಪ್ರತಿ ಬಾರಿ ತಾನಾಗಿಯೇ ಸೃಷ್ಟಿಯಾಗಲು ಸಿಸ್ಟಮ್‌ಡಿ (ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಫೈಲಿನಲ್ಲಿ ಯಾವ ಸಾಲುಗಳನ್ನು ಬರೆಯಬೇಕು?