ಪದಚರ್ಚೆ: ಕಸಾಂಡ್ರಾಳನ್ನು ಕನ್ನಡದಲ್ಲಿ ಏನೆಂದು ಕರೆಯೋಣ? (ತುರ್ತು)

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ನಾಳೆ ಸಂಜೆಯೊಳಗೆ.

ನಮ್ಮ ಹವ್ಯಾಸಿ ತಂಡ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ‘ಅಗಮೆಮ್ನಾನ್’ ಆಡುತ್ತಿದೆ. ಅನುವಾದ ನನ್ನದು. ನಾಟಕದ ಮಾತೆಲ್ಲ ಮುಗಿದಿದೆ. ಕರಪತ್ರದ ಪಾತ್ರಪಟ್ಟಿಯಲ್ಲಿ ಮಾತ್ರ ಒಂದು ಜಾಗ ಖಾಲಿ ಉಳಿದಿದೆ: ‘ಕಸಾಂಡ್ರಾ, ಟ್ರಾಯ್ ದೊರೆ ಪ್ರಿಯಾಮನ ಮಗಳು’. ಅದರ ಮುಂದೆ ಏನು ಬರೆಯಲಿ?

ಕಥೆ ನಿಮಗೆಲ್ಲ ಗೊತ್ತೇ ಇದೆ. ಅಪೊಲೊ ದೇವರು ಅವಳ ಮೇಲೆ ಮನಸ್ಸಿಟ್ಟ. ಅವಳು ಒಪ್ಪಿ ಆಮೇಲೆ ಮಾತು ತಪ್ಪಿದಳು. ಅವನಿಂದ ಬಂದ ಕಾಣುವ ಶಕ್ತಿ ಅವಳಲ್ಲೇ ಉಳಿಯಿತು, ಆದರೆ ಅವಳು ಹೇಳಿದ್ದನ್ನು ಯಾರೂ ನಂಬದ ಹಾಗೆ ಆಯಿತು. ಗ್ರೀಕ್‌ನಲ್ಲಿ ಇಂಥವರಿಗೆ ಇರುವ ಪದ ‘ಮಾಂಟಿಸ್’. ಗಂಡಿಗೂ ಅದೇ, ಹೆಣ್ಣಿಗೂ ಅದೇ.

ನಾನು ಬರೆದು ಹೊಡೆದುಹಾಕಿದ ಪದಗಳನ್ನೂ ಹೇಳಿಬಿಡುತ್ತೇನೆ. ‘ಪ್ರವಾದಿನಿ’ ಎಂದು ಬರೆದಿದ್ದೆ. ತಾಲೀಮಿಗೆ ಬಂದ ಹುಡುಗನೊಬ್ಬ ಇದು ಬೈಬಲ್ ಕಥೆಯಾ ಎಂದು ಕೇಳಿದ. ‘ದೈವಜ್ಞೆ’ ಎಂದರೆ ಉತ್ತರ ಕನ್ನಡದ ಕಡೆಯವರಿಗೆ ಚಿನ್ನದ ಕೆಲಸದವರ ಸಮುದಾಯ ನೆನಪಾಗುತ್ತದೆ. ‘ಕಾಲಜ್ಞಾನಿ’ ಎಂದರೆ ಕೊಡೇಕಲ್ಲು, ಕೈವಾರ ಕಣ್ಣ ಮುಂದೆ ಬರುತ್ತವೆ. ‘ಭವಿಷ್ಯ’ ಸೇರಿಸಿದ ಯಾವ ಪದವೂ ಇಲ್ಲಿ ಸಾಲುವುದಿಲ್ಲ. ಯಾಕೆಂದರೆ ಅವಳು ಅಗಮೆಮ್ನಾನನ ಅರಮನೆಯ ಬಾಗಿಲಲ್ಲಿ ನಿಂತು ಮೊದಲು ಕಾಣುವುದು ಆಗಿಹೋದದ್ದನ್ನು. ಹಿಂದೆ ಅದೇ ಮನೆಯಲ್ಲಿ ಕೊಂದು ಅಡುಗೆ ಮಾಡಿ ಅಪ್ಪನಿಗೇ ಬಡಿಸಿದ ಮಕ್ಕಳನ್ನು ಕಾಣುತ್ತಾಳೆ. ತನ್ನ ಸಾವನ್ನು ಕಾಣುವುದು ಆಮೇಲೆ.

ದಯವಿಟ್ಟು ಬೇಗ ಹೇಳಿ. ಪ್ರೆಸ್ಸಿನವರು ಕಾಯುತ್ತಿದ್ದಾರೆ.

ಬೆಂಗಳೂರಿನಿಂದ:

ನೀವು ಹೊಡೆದುಹಾಕಿದ್ದೆಲ್ಲ ಸಕ್ಕದದ (ಸಂಸ್ಕೃತದ) ಪದಗಳು. ಹೊಡೆದುಹಾಕಿದ್ದೇ ಸರಿ. ಕನ್ನಡದ್ದೇ ಬೇರಿನಿಂದ ಕಟ್ಟಿ: ಮುಂಗಾಣ್ಕೆಗಿತ್ತಿ. ಸೂಲಗಿತ್ತಿ, ಹೂವಾಡಗಿತ್ತಿ ಇದ್ದ ಹಾಗೆ.

ಮೈಸೂರಿನಿಂದ:

‘ಮುಂಗಾಣ್ಕೆಗಿತ್ತಿ’ಯನ್ನು ರಂಗದ ಮೇಲೆ ಒಮ್ಮೆ ಜೋರಾಗಿ ಹೇಳಿ ನೋಡಿ. ನಾಲಿಗೆ ಹೊರಳುವುದಿಲ್ಲ. ಅರ್ಥವೂ ತಪ್ಪು. ಅವಳು ಹಿಂದಿನದನ್ನೂ ಕಾಣುತ್ತಾಳೆ ಎಂದು ಕೇಳಿದವರೇ ಬರೆದಿದ್ದಾರೆ. ಪತ್ರವನ್ನು ಪೂರ್ತಿ ಓದಿ ಉತ್ತರಿಸಿದರೆ ಒಳ್ಳೆಯದು.

ಇನ್ನು ಪದಕ್ಕೆ ಬರೋಣ. ‘ಮಾಂಟಿಸ್’ ಮತ್ತು ನಮ್ಮ ‘ಮಂತ್ರ’ ಒಂದೇ ಬೇರಿನವು. ಆ ಬೇರು ‘ಮನ್’, ಮನಸ್ಸಿನಲ್ಲಿರುವ ಅದೇ ‘ಮನ್’. ಹುಚ್ಚಿಗೆ ಗ್ರೀಕರು ಹೇಳುವ ‘ಮೇನಿಯಾ’ ಕೂಡ ಇದರ ಬಳಗವೇ. ಮಾಂಟಿಸ್ ವಿದ್ಯೆಗೆ ಮೊದಲು ಮೇನಿಯಾದಿಂದಲೇ ಹೆಸರಿತ್ತು, ಆಮೇಲಿನವರು ಸುಮ್ನೆ ನಡುವೆ ಒಂದು ತಕಾರ ಸೇರಿಸಿದರು ಎಂದು ಪ್ಲೇಟೋ ‘ಫೇಡ್ರಸ್’ನಲ್ಲಿ ಸಾಕ್ರಟೀಸನ ಬಾಯಲ್ಲಿ ಹೇಳಿಸುತ್ತಾನೆ. ಬೇರು ಇಷ್ಟು ಹತ್ತಿರ ಇರುವಾಗ ಸಂಸ್ಕೃತದ ಕಡೆ ನೋಡದೆ ಇರುವುದು ಹಟ, ಅಷ್ಟೇ.

ಸಂಸ್ಕೃತದಲ್ಲಿ ಪದಕ್ಕೆ ಬರವಿಲ್ಲ. ಅಮರಕೋಶದ ಮನುಷ್ಯವರ್ಗದಲ್ಲಿ ಹೆಣ್ಣಿಗೆಂದೇ ಮೂರು ಪದ ಇವೆ: ವಿಪ್ರಶ್ನಿಕಾ, ಈಕ್ಷಣಿಕಾ, ದೈವಜ್ಞಾ. ಮೊದಲನೆಯದರಲ್ಲಿ ಪ್ರಶ್ನೆ ಇದೆ, ಎರಡನೆಯದರಲ್ಲಿ ನೋಟ ಇದೆ. ಅದಕ್ಕಿಂತ ಮೇಲೆ ವೇದದ ಋಷಿಕೆಯರಿದ್ದಾರೆ: ಲೋಪಾಮುದ್ರೆ, ಅಪಾಲೆ, ಘೋಷೆ, ವಾಕ್. ಋಷಿ ಎಂದರೆ ಕಂಡವನು ಎಂದು ಯಾಸ್ಕ ವೇದದ ಪದಗಳ ಅರ್ಥ ಬಿಡಿಸುವ ತನ್ನ ‘ನಿರುಕ್ತ’ದಲ್ಲಿ ಬಿಡಿಸಿ ಹೇಳಿದ್ದಾನೆ. ‘ಕಸಾಂಡ್ರಾ, ಋಷಿಕೆ’ ಎಂದು ಹಾಕಿ. ‘ದ್ರಷ್ಟಾರೆ’ ಎಂದು ಮಾತ್ರ ಬರೆಯಬೇಡಿ. ಅದು ವ್ಯಾಕರಣವೇ ಅಲ್ಲ.

ಉಡುಪಿಯಿಂದ:

ಮೇಷ್ಟ್ರೇ, ‘ಋಷಿಕೆ’ ಎಂದರೆ ಪ್ರೇಕ್ಷಕರ ಕಣ್ಣಿಗೆ ಆಶ್ರಮ, ಜಡೆ, ಶಾಂತಿ ಬರುತ್ತವೆ. ಈ ಹುಡುಗಿ ಯುದ್ಧದಲ್ಲಿ ಸೆರೆಸಿಕ್ಕಿ ಗಾಡಿಯಲ್ಲಿ ಬಂದವಳು. ಕೂಗುತ್ತಾಳೆ, ನಡುಗುತ್ತಾಳೆ. ಅವಳಿಗೆ ಆ ಪದ ಹೊಂದುವುದಿಲ್ಲ. ಬೇರು ಒಂದೇ ಆದ ಮಾತ್ರಕ್ಕೆ ಪದದ ಬಣ್ಣ ಒಂದೇ ಆಗುವುದಿಲ್ಲ. ಅದೇ ಬೇರು ಹಿಡಿದು ‘ಮಂತ್ರವಾದಿನಿ’ ಎಂದರೆ ಜನ ಮಾಟ ಮಾಡುವವಳು ಎಂದುಕೊಳ್ಳುತ್ತಾರೆ, ಅಲ್ವಾ?

ನನ್ನ ಮತ ‘ಕಣಿ’ಗೆ. ಈ ಪದವನ್ನು ನಾವು ಕೊರವಂಜಿಗೆ ಕಟ್ಟಿಹಾಕಿ ಚಿಕ್ಕದು ಮಾಡಿದ್ದೇವೆ. ಅದರ ಮೊದಲ ಅರ್ಥ ಕಂಡದ್ದು, ನೋಟ. ಕಾಣ್ ಎಂಬ ಕ್ರಿಯೆಯ ಮನೆಯದೇ ಪದ ಅದು. ಕಾಣಿಕೆ, ಕಾಣ್ಕೆ ಅದರ ಒಡಹುಟ್ಟಿದವು. ನಮ್ಮ ತುಳುನಾಡಿನಲ್ಲಿ ಬಿಸು ಹಬ್ಬದ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡಬೇಕಾದದ್ದು ಕಣಿ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹೂ, ಒಂದು ಕನ್ನಡಿ ಇಟ್ಟಿರುತ್ತಾರೆ. ಮಲಯಾಳದವರ ವಿಷುಕಣಿಯೂ ಅದೇ. ಅಲ್ಲಿ ಬುಟ್ಟಿಯೂ ಇಲ್ಲ, ಅಂಗೈಯೂ ಇಲ್ಲ. ವರ್ಷದ ಮೊದಲ ನೋಟ, ಅಷ್ಟೇ. ಹಿಂದಿನದು, ಮುಂದಿನದು ಎಂಬ ಗೆರೆ ಈ ಪದದಲ್ಲಿ ಇಲ್ಲ. ‘ಇಲಿಯಡ್’ನ ಶುರುವಿನಲ್ಲೇ ಕಾಲ್ಕಸ್ ಎಂಬ ಮಾಂಟಿಸ್ ಬರುತ್ತಾನೆ. ಇರುವುದು, ಬರುವುದು, ಆಗಿಹೋದದ್ದು ಮೂರೂ ಬಲ್ಲವನು ಎಂದು ಹೋಮರ್ ಅವನ ಬಗ್ಗೆ ಹೇಳುತ್ತಾನೆ. ಧಾರವಾಡದವರು ಹುಡುಕುತ್ತಿರುವುದು ಇದನ್ನೇ.

ಪಕ್ಕದವರನ್ನೂ ನೋಡಿ. ತೆಲುಗಿನಲ್ಲಿ ಕಣಿ ಹೇಳುವುದಕ್ಕೆ ‘ಎರುಕ’ ಹೇಳುವುದು ಎನ್ನುತ್ತಾರೆ. ಅದು ನಮ್ಮ ‘ಅರಿವು’ ಪದದ ನೆಂಟ. ನಮಗೆ ಅವಳು ಕಂಡವಳು, ಅವರಿಗೆ ಅರಿತವಳು. ಮಲಯಾಳದಲ್ಲಿ ದೇವಿ ಮೈಮೇಲೆ ಬಂದವನು ‘ವೆಳಿಚ್ಚಪ್ಪಾಡ್’. ಬೆಳಕು ಎಂಬ ಪದ ಅದರೊಳಗೇ ಇದೆ. ಹಳೆಯ ತಮಿಳಿನ ‘ಕುರುಂತೊಗೈ’ ಕವಿತೆಗಳಲ್ಲಿ ‘ಅಗವನ್ ಮಗಳ್’ ಇದ್ದಾಳೆ. ಅವಳದು ಹಾಡಿ ಕರೆಯುವ ಕೆಲಸ. ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ ಗುಡಿಯಲ್ಲಿ ಬೋನಾಲು ಹಬ್ಬ ಮುಗಿದ ಮರುದಿನ ಹಸಿ ಮಡಕೆಯ ಮೇಲೆ ನಿಂತು ಒಬ್ಬ ಹೆಂಗಸು ಊರಿಗೆಲ್ಲ ಮಾತು ಹೇಳುತ್ತಾಳೆ. ಅವಳು ಮಾತಂಗಿ. ಇಷ್ಟೊಂದು ಹೆಣ್ಣುಗಳು ನಮ್ಮ ಸುತ್ತಲೇ ನಿಂತು ನುಡಿಯುತ್ತಿರುವಾಗ ಅಮರಕೋಶದವರೆಗೆ ಹೋಗಬೇಕೇ?

‘ಪ್ರವಾದಿನಿ’ಯನ್ನು ಕೈಬಿಟ್ಟದ್ದು ಸರಿ, ಆದರೆ ಅದು ಕೆಟ್ಟ ಪದವಲ್ಲ. ಗ್ರೀಕ್‌ನ ‘ಪ್ರೊಫೇಟಿಸ್’ನಲ್ಲಿ ‘ಪ್ರೊ’ ಮತ್ತು ನುಡಿಯುವುದು ಇರುವ ಹಾಗೆ ಇಲ್ಲಿ ‘ಪ್ರ’ ಮತ್ತು ನುಡಿಯುವುದು ಇದೆ. ಬೈಬಲಿನ ಮಿರಿಯಾಮ್, ದೆಬೋರಾ, ಹುಲ್ದಾ ಇವರಿಗೆ ಹೀಬ್ರೂವಿನಲ್ಲಿ ‘ನೆವಿಯಾ’ ಎನ್ನುತ್ತಾರೆ. ಆ ಪದವನ್ನು ಕನ್ನಡಕ್ಕೆ ತಂದವರು ಪ್ರವಾದಿನಿ ಎಂದರು, ತಮಿಳಿನವರು ತೀರ್ಕ್ಕದರಿಸಿನಿ, ಮಲಯಾಳದವರು ಪ್ರವಾಚಕಿ, ತೆಲುಗಿನವರು ಪ್ರವಕ್ತ್ರಿ ಎಂದರು. ತಮಿಳಿನವರು ಮಾತ್ರ ನೋಟವನ್ನು ಹಿಡಿದರು, ಉಳಿದ ಮೂವರು ಮಾತನ್ನು ಹಿಡಿದರು. ಇವತ್ತು ಕನ್ನಡದಲ್ಲಿ ಪ್ರವಾದಿ ಎಂದರೆ ಕ್ರೈಸ್ತರ, ಮುಸಲ್ಮಾನರ ನಂಬಿಕೆಯ ಪದ. ಅದನ್ನು ಅವರ ಮನೆಯಲ್ಲೇ ಇರಲು ಬಿಡೋಣ.

ಆದ್ದರಿಂದ ‘ಕಣಿಗಾರ್ತಿ’ ಎಂದು ಬರೆಯಿರಿ.

ಬೆಂಗಳೂರಿನಿಂದ:

ಕಣಿ ಒಪ್ಪಿದೆ. ‘ಗಾರ್ತಿ’ ಒಪ್ಪುವುದಿಲ್ಲ. ‘ಗಾರ’ ಬಂದದ್ದು ಸಕ್ಕದದ ‘ಕಾರ’ದಿಂದ. ‘ಕಣಿಗಿತ್ತಿ’ ಎನ್ನಿ.

ಮೈಸೂರಿನವರು ಹಟ ಅಂದರು, ಅದಕ್ಕೆ ಹೇಳುತ್ತೇನೆ. ಬೇರೆ ನುಡಿಗಳವರು ತಮ್ಮದನ್ನು ಬಿಟ್ಟುಕೊಟ್ಟಿಲ್ಲ. ಹಳೆಯ ಸ್ಕ್ಯಾಂಡಿನೇವಿಯಾದ ನಾರ್ಸ್ ಜನರಲ್ಲಿ ಇಂಥವಳಿಗೆ ಹೇಳುವ ‘ವೊಲ್ವಾ’ ಅವರದ್ದೇ ಪದ. ಕೋಲು ಹಿಡಿದವಳು ಎಂದು ಅರ್ಥ, ‘ವೊಲ್ರ್’ ಅಂದರೆ ಕೋಲು. ಐರಿಶರ ‘ಬನ್‌ಫಾಹ್’ ಅವರದ್ದೇ. ನಾವು ಮಾತ್ರ ಯಾಕೆ ಎರವಲು ಹುಡುಕಬೇಕು?

ಮೈಸೂರಿನಿಂದ:

ನಿಮ್ಮ ಮಾತಿಗೆ ಎದುರು ನಿಲ್ಲುವ ಉದಾಹರಣೆಗಳೂ ಇವೆ. ಇಂಥ ಹೆಣ್ಣಿಗೆ ರೋಮನರು ಹೇಳುತ್ತಿದ್ದ ‘ಸಿಬಿಲಾ’ ಗ್ರೀಕರಿಂದ ತಂದದ್ದು. ಗ್ರೀಕರಿಗೂ ಅದರ ಬೇರು ತಿಳಿಯದು. ದೇವರ ಆಲೋಚನೆ ಎಂದು ರೋಮಿನ ವಿದ್ವಾಂಸ ವಾರೊ ಅದನ್ನು ಬಿಡಿಸಿದ. ಅದು ಕಿವಿಗೆ ಕೇಳಿದ್ದನ್ನು ಹಿಡಿದು ಕಟ್ಟಿದ ಬಿಡಿಕೆ, ಬೇರೇನೂ ಅಲ್ಲ. ಆದರೂ ಆ ಎರವಲು ಪದದ ಹೆಸರಿನ ಪುಸ್ತಕಗಳನ್ನು ರೋಮನರು ರಾಜ್ಯದ ಗುಟ್ಟಿನ ಹಾಗೆ ಕಾಪಾಡಿದರು. ಕ್ರಿ.ಪೂ. 83ರಲ್ಲಿ ಅವನ್ನು ಇಟ್ಟಿದ್ದ ಗುಡಿಗೆ ಬೆಂಕಿ ಬಿದ್ದು ಅವು ಸುಟ್ಟುಹೋದಾಗ ಊರೂರು ತಿರುಗಿ ಮತ್ತೆ ಸೇರಿಸಿದರು. ಎರವಲು ಪದ ಎಂದು ಯಾರೂ ಬೇಸರಪಡಲಿಲ್ಲ. ಇಂಗ್ಲಿಷಿನವರ ಹತ್ತಿರ ‘ಸೀಯರ್’ ಎಂಬ ಸ್ವಂತ ಪದವೂ ಇದೆ, ‘ಪ್ರಾಫೆಟ್’ ಎಂಬ ತಂದ ಪದವೂ ಇದೆ. ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. ಪದ ಜಾಸ್ತಿ ಆದರೆ ಭಾಷೆ ಬಡವಾಗುವುದಿಲ್ಲ.

ಮತ್ತೆ, ‘ಗಾರ’ ಹಿಂದೆ ಎಲ್ಲಿಂದಲೇ ಬಂದಿರಲಿ, ಎಷ್ಟೋ ಕಾಲದಿಂದ ಕನ್ನಡದ್ದು. ‘ಕಣಿಗಿತ್ತಿ’ ಎಂಬ ಪದವನ್ನು ಯಾವ ಊರಿನಲ್ಲಿ ಯಾರು ಆಡಿದ್ದನ್ನು ಕೇಳಿದ್ದೀರಿ?

ಬೆಂಗಳೂರಿನಿಂದ:

‘ಋಷಿಕೆ’ಯನ್ನು ಯಾವ ಊರಿನಲ್ಲಿ ಆಡುತ್ತಾರೆ?

ಧಾರವಾಡದಿಂದ:

ಇಬ್ಬರೂ ದಯವಿಟ್ಟು ನಿಲ್ಲಿಸಿ. ನನಗೆ ಉಳಿದಿರುವುದು ಅರ್ಧ ದಿನ.

ಉಡುಪಿಯ ಅಕ್ಕನ ಮಾತು ಮನಸ್ಸಿಗೆ ಹಿಡಿಸಿತು. ಒಂದು ತೊಡಕು ಇದೆ. ಕಸಾಂಡ್ರಾ ಒಂದು ಕಡೆ ಮೇಳದವರನ್ನು ಕೇಳುತ್ತಾಳೆ: ನಾನು ಸುಳ್ಳು ಮಾಂಟಿಸ್ಸೇ, ಮನೆಮನೆ ಬಾಗಿಲು ತಟ್ಟಿ ಬಡಬಡಿಸುವವಳೇ? ಆಮೇಲೆ ಇನ್ನೊಂದು ಕಡೆ, ತಿರುಗಿ ಬೇಡುವ ಹಸಿದ ಭಿಕಾರಿ ಎಂದು ಜನ ಕರೆದರು, ಅದನ್ನೂ ತಾಳಿಕೊಂಡೆ ಎನ್ನುತ್ತಾಳೆ. ಈ ಬಾಗಿಲು ತಟ್ಟುವವಳಿಗೆ ನಾನು ಮೊದಲೇ ‘ಕಣಿಯವಳು’ ಎಂದು ಹಾಕಿಬಿಟ್ಟಿದ್ದೇನೆ. ಅವಳು ಸಹಿಸದ ಆ ಹೆಸರನ್ನೇ ಪಾತ್ರಪಟ್ಟಿಯಲ್ಲಿ ಬಿರುದಿನ ಹಾಗೆ ಹೇಗೆ ಬರೆಯಲಿ? ಪಟ್ಟಿಯಲ್ಲಿ ‘ಕಾಣ್ಕೆಯವಳು’, ಬೈಗುಳದಲ್ಲಿ ‘ಕಣಿಯವಳು’ ಎಂದು ಬೇರೆ ಮಾಡಿದರೆ ಹೇಗೆ? ಬೇರೂ ಒಂದೇ ಆಗುತ್ತದೆ.

ಹಡಗಲಿಯಿಂದ:

ಈ ಗುಂಪಿನಲ್ಲಿ ನಾನು ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮ ಅಜ್ಜಿ ಕಣಿ ಹೇಳುತ್ತಿದ್ದರು. ಕೈಯಲ್ಲಿ ಕೋಲು, ಸೊಂಟದಲ್ಲಿ ಬುಟ್ಟಿ. ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಪ್ರತಿ ವರ್ಷ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಅವನು ಹೇಳುವುದು ಒಂದೇ ಸಾಲು. ಅದು ಕಾರಣಿಕ. ಅದರಲ್ಲಿ ಮಳೆ ಯಾವುದು, ಬೆಳೆ ಯಾವುದು, ರಾಜಕೀಯ ಯಾವುದು ಎಂದು ವರ್ಷಪೂರ್ತಿ ಅರ್ಥ ಬಿಡಿಸುತ್ತಾರೆ. ಅಜ್ಜಿ ಹೇಳಿದ್ದು ಕಣಿ. ಅದನ್ನು ಹೆಂಗಸರು ಹಿತ್ತಿಲ ಬಾಗಿಲಲ್ಲಿ ಕೂತು ಕೇಳುತ್ತಿದ್ದರು, ಕೇಳಿ ಅಳುತ್ತಿದ್ದರು, ಮೊರದಲ್ಲಿ ಜೋಳ ಕೊಡುತ್ತಿದ್ದರು. ಮನೆಯ ಗಂಡಸರು ಬಂದರೆ ಎಬ್ಬಿಸಿ ಕಳಿಸುತ್ತಿದ್ದರು. ಗಂಡಸು ಎತ್ತರದಲ್ಲಿ ನಿಂತು ಹೇಳಿದರೆ ಕಾರಣಿಕ, ಹೆಂಗಸು ಬಾಗಿಲಲ್ಲಿ ಕೂತು ಹೇಳಿದರೆ ಬಡಬಡಿಕೆ.

ಕಣಿಯವಳು ಬೈಗುಳ ಅಲ್ಲ. ಬೈಗುಳ ಮಾಡಿದ್ದು ಕೇಳಿಸಿಕೊಂಡವರು. ನಿಮ್ಮ ನಾಟಕದ ಹುಡುಗಿಗೂ ಅದೇ ಆಗಿದೆ ಅನ್ನಿಸುತ್ತದೆ. ಪದವನ್ನು ಎರಡು ಮಾಡಿ ಒಳ್ಳೆಯದನ್ನು ರಾಜಕುಮಾರಿಗೆ, ಉಳಿದದ್ದನ್ನು ನಮ್ಮಜ್ಜಿಗೆ ಕೊಡಬೇಡಿ.

ಉಡುಪಿಯಿಂದ:

ಹಡಗಲಿಯವರು ಸರಿಯಾಗಿ ಹೇಳಿದರು. ಕೊರವಂಜಿಗೆ ಕಟ್ಟಿಹಾಕಿ ಚಿಕ್ಕದು ಮಾಡಿದ್ದೇವೆ ಎಂದು ನಾನು ಬರೆದದ್ದು ತಪ್ಪು. ಕೊರವಂಜಿಯಿಂದ ಪದ ಚಿಕ್ಕದಾಗಲಿಲ್ಲ. ಆ ಸಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಒಂದು ಮಾತು ಸೇರಿಸುತ್ತೇನೆ. ಗ್ರೀಸಿನ ದೆಲ್ಫಿಯಲ್ಲಿದ್ದ ಅಪೊಲೊ ಗುಡಿಯಲ್ಲೂ ಹೀಗೇ ಇತ್ತು. ಮುಕ್ಕಾಲಿ ಪೀಠದ ಮೇಲೆ ಕೂತು ನುಡಿದವಳು ಪಿಥಿಯಾ, ಒಬ್ಬ ಹೆಂಗಸು. ಪಕ್ಕದಲ್ಲಿ ‘ಪ್ರೊಫೇಟೆಸ್’ (ಪ್ರೊಫೇಟಿಸ್‌ನ ಗಂಡು ರೂಪ) ಎಂಬ ಹೆಸರಿನ ಗಂಡಸರು ಇರುತ್ತಿದ್ದರು. ಮೈಮೇಲೆ ಬಂದು ನುಡಿಯುವವರು ಬೇರೆ, ಅದರ ಅರ್ಥ ಹೇಳುವ ಪ್ರೊಫೇಟೆಸ್ ಬೇರೆ ಎಂದು ಪ್ಲೇಟೋ ‘ಟಿಮೇಯಸ್’ನಲ್ಲಿ ಗೆರೆ ಎಳೆಯುತ್ತಾನೆ.

ಧಾರವಾಡದಿಂದ:

ಹಡಗಲಿಯವರಿಗೆ ಕೈಮುಗಿಯುತ್ತೇನೆ. ನಿಮ್ಮ ಪತ್ರ ಓದಿ ಮೂಲದ ಸಾಲನ್ನು ಮತ್ತೆ ತೆಗೆದು ನೋಡಿದೆ. ನಾನು ಗಮನಿಸದೆ ಬಿಟ್ಟದ್ದು ಅಲ್ಲೇ ಇತ್ತು. ಈಸ್ಕಿಲಸ್ ಎರಡು ಪದ ಬಳಸಿಲ್ಲ. ಗೌರವಕ್ಕೂ ಮಾಂಟಿಸ್, ಬೈಗುಳಕ್ಕೂ ಮಾಂಟಿಸ್. ಬೈಯುವಾಗ ಪದದ ಮೊದಲಿಗೆ ‘ಸುಳ್ಳು’ ಎಂಬುದು ಸೇರುತ್ತದೆ, ಪಕ್ಕದಲ್ಲಿ ‘ಬಾಗಿಲು ತಟ್ಟುವವಳು’ ಬರುತ್ತದೆ. ಚುಚ್ಚುವುದು ಆ ಸೇರಿದ ಮಾತುಗಳು. ನಾನು ಕನ್ನಡದಲ್ಲಿ ಪದವನ್ನೇ ಒಡೆಯಲು ಹೊರಟಿದ್ದೆ.

ಈಗ ಪಟ್ಟಿಯ ಸಾಲು ಹೀಗಿದೆ: ‘ಕಸಾಂಡ್ರಾ, ಟ್ರಾಯ್ ದೊರೆ ಪ್ರಿಯಾಮನ ಮಗಳು, ಕಣಿ ಹೇಳುವಾಕೆ’. ಗಾರ್ತಿ, ಗಿತ್ತಿ ಎರಡೂ ಬೇಡ. ನಮ್ಮ ಕಡೆ ‘ಕಣಿ ಹೇಳಾಕಿ’ ಎಂದೇ ಅನ್ನುತ್ತೇವೆ, ಅದನ್ನೇ ಬರಹಕ್ಕೆ ತಂದಿದ್ದೇನೆ. ಒಳಗಿನ ಮಾತನ್ನೂ ತಿದ್ದಿದೆ: ‘ಸುಳ್ಳು ಕಣಿ ಹೇಳುವವಳೇ ನಾನು? ಬಾಗಿಲು ಬಾಗಿಲು ತಟ್ಟಿ ಬಡಬಡಿಸುವವಳೇ?’

ಬೆಂಗಳೂರಿನವರು ವೊಲ್ವಾಳ ಕೋಲಿನ ಬಗ್ಗೆ ಬರೆದದ್ದು ಬೇರೆ ಕಡೆ ಕೆಲಸಕ್ಕೆ ಬಂತು. ಅರಮನೆಯೊಳಗೆ ಹೋಗುವ ಮೊದಲು ಕಸಾಂಡ್ರಾ ತನ್ನ ಕೋಲನ್ನೂ ಕೊರಳ ಪಟ್ಟಿಯನ್ನೂ ಕಿತ್ತು ಎಸೆಯುತ್ತಾಳೆ. ನಾವು ರಾಜದಂಡದ ಹಾಗೆ ಬಂಗಾರದ ಬಣ್ಣ ಬಳಿದ ಕೋಲು ಮಾಡಿಸಿದ್ದೆವು. ಅದು ಬೇಡ ಎಂದು ಹೇಳಿದ್ದೇನೆ. ಹಡಗಲಿಯವರೇ, ಅಜ್ಜಿಯ ಕೋಲು ಯಾವ ಮರದ್ದಿತ್ತು, ಎಷ್ಟು ಉದ್ದ ಇತ್ತು?

ಹಡಗಲಿಯಿಂದ:

ಬೆತ್ತದ್ದು. ಅಜ್ಜಿಯ ಮೊಳಕೈಯಿಂದ ಬೆರಳ ತುದಿಯವರೆಗೆ, ಅದಕ್ಕಿಂತ ಉದ್ದ ಇರಲಿಲ್ಲ. ಕೇಳಲು ಬಂದವರ ಅಂಗೈಗೆ ಅದನ್ನು ಮುಟ್ಟಿಸಿ ಆಮೇಲೆ ಮಾತು ಶುರು ಮಾಡುತ್ತಿದ್ದರು.