ಹಾಯಿದೋಣಿಗೆ ಹೀಟರ್: ಮೆಕ್ಯಾನಿಕ್ ಹತ್ತಿರ ಕೇಳಿ

ಅಡ್ಮಿನ್: ಚಳಿ ಶುರುವಾಯಿತು. ಇಂಗ್ಲೆಂಡಿನ ಹ್ಯಾಂಬಲ್ ನದಿಯ ಬೋಟ್‌ಯಾರ್ಡ್‌ನಲ್ಲಿ ಹೀಟರ್ ಕೂರಿಸುವ ನಮ್ಮ ಕುಂದಾಪುರದ ಮೆಕ್ಯಾನಿಕ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ದೋಣಿ ಎಷ್ಟು ಅಡಿ, ಎಲ್ಲಿದೆ, ಕರೆಂಟ್ ಏನಿದೆ ಎಂದು ಬರೆದು ಕೇಳಿ. ಫಾರ್ವರ್ಡ್ ಬೇಡ.

ಪೂಲ್ ಪುಟ್ಟಸ್ವಾಮಿ: ನಮಸ್ಕಾರ ಸರ್. 28 ಅಡಿ ದೋಣಿ. ಪೂಲ್ ಬಂದರಿನಲ್ಲಿ ಲಂಗರು, ದಡದ ಕರೆಂಟ್ ಇಲ್ಲ. ಚಳಿಗಾಲದಲ್ಲೂ ಶನಿವಾರ ರಾತ್ರಿ ಅಲ್ಲೇ ಮಲಗುವ ಆಸೆ. ಯಾವ ಹೀಟರ್, ಎಷ್ಟು ಕಿಲೋವ್ಯಾಟ್?

ಮೆಕ್ಯಾನಿಕ್: ನಮಸ್ಕಾರ. 2 ಕಿಲೋವ್ಯಾಟ್ ಡೀಸೆಲ್ ಬ್ಲೋವರ್ ಸಾಕು, ಅಂದರೆ ಡೀಸೆಲ್ ಉರಿಸಿ ಬಿಸಿಗಾಳಿ ಊದುವ ಹೀಟರ್. ಜರ್ಮನ್ ಕಂಪನಿಗಳಲ್ಲಿ ವೆಬಾಸ್ಟೊ ಆಗಲಿ, ಎಬರ್‌ಸ್ಪೇಷರ್ ಆಗಲಿ, ನಿಮ್ಮ ಹತ್ತಿರ ಯಾವುದಕ್ಕೆ ರಿಪೇರಿಯವರು ಸಿಗುತ್ತಾರೋ ಅದು. ಇಂಜಿನ್ ಟ್ಯಾಂಕಿನ ಡೀಸೆಲ್ಲೇ ನಡೆಯುತ್ತದೆ. ಫುಲ್ ಇಟ್ಟರೂ ಗಂಟೆಗೆ ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ. ಹಾಗಾದರೆ 4 ತಗೊಂಡರೆ ಇನ್ನೂ ಒಳ್ಳೆಯದಲ್ವಾ ಅಂತ ಮುಂದೆ ಕೇಳುತ್ತೀರಿ. ಅಲ್ಲ. ದೊಡ್ಡ ಹೀಟರು ಚಿಕ್ಕ ಕ್ಯಾಬಿನ್ನನ್ನು ಬೇಗ ಕಾಯಿಸಿ, ಆಮೇಲೆ ಸಣ್ಣ ಉರಿಯಲ್ಲೇ ಕೂರುತ್ತದೆ. ಸಣ್ಣ ಉರಿಗೆ ಮಸಿ ಕಟ್ಟುತ್ತದೆ. 2ರದ್ದನ್ನೂ ಆಗಾಗ ಅರ್ಧ ಗಂಟೆ ಫುಲ್ ಓಡಿಸಿ. ಆಫ್ ಮಾಡುವಾಗ ಅದರ ಸ್ವಿಚ್ಚಿನಲ್ಲೇ ಮಾಡಿ, ಬ್ಯಾಟರಿಯ ಮೇನ್ ಸ್ವಿಚ್ ತಿರುಗಿಸಿಬಿಡಬೇಡಿ. ಉರಿ ಆರಿದ ಮೇಲೂ ಕೆಲವು ನಿಮಿಷ ಫ್ಯಾನ್ ತಿರುಗಿ ಒಳಗೆ ತಣ್ಣಗಾಗಬೇಕು.

ಬ್ರಿಸ್ಟಲ್ ಬೋರೇಗೌಡ: ಅಣ್ಣಾ, ಚೈನಾ 5 ಕಿಲೋವ್ಯಾಟ್ ಕಿಟ್ ಜರ್ಮನ್ ಬೆಲೆಯ ಹತ್ತನೇ ಒಂದು ಪಾಲಿಗೆ ಸಿಗುತ್ತೆ. ಒಳಗೆಲ್ಲ ಅದೇ ಕಾಪಿ. ಸುಮ್ನೆ ಯಾಕೆ ದುಡ್ಡು ಸುರಿಯೋದು?

ಮೆಕ್ಯಾನಿಕ್: ಬರ್ನರ್ ಬಗ್ಗೆ ನನ್ನ ತಕರಾರು ಕಡಿಮೆ. ಜೊತೆಗೆ ಬರುವ ಸೈಲೆನ್ಸರ್, ಹೊಗೆ ಪೈಪು ಲಾರಿಗೆ ಮಾಡಿದ್ದು. ದೋಣಿಗೆ ಹಾಕಬೇಡಿ.

ಬ್ರಿಸ್ಟಲ್ ಬೋರೇಗೌಡ: ನನ್ನದು ಹೋದ ಚಳಿಯಿಂದ ಓಡ್ತಿದೆ. ಏನೂ ಆಗಿಲ್ಲ.

ಲೀಡ್ಸ್ ಲಲಿತಾ: ಇದು ಫಾರ್ವರ್ಡ್ ಬಂದಿದ್ದು. ನಾಲ್ಕು ಪುಟ್ಟ ಮೇಣದಬತ್ತಿ ಹಚ್ಚಿ ಮೇಲೆ ಮಣ್ಣಿನ ಹೂಕುಂಡ ಬೋರಲು ಹಾಕಿದರೆ ಇಡೀ ಕ್ಯಾಬಿನ್ ಬೆಚ್ಚಗಾಗುತ್ತಂತೆ. ಖರ್ಚೇ ಇಲ್ಲ.

ಮೆಕ್ಯಾನಿಕ್: ಒಂದು ಪುಟ್ಟ ಬತ್ತಿ ಕೊಡುವುದು ಹೆಚ್ಚೆಂದರೆ 40 ವ್ಯಾಟ್. ಕುಂಡ ಹಾಕಿದರೆ ಜಾಸ್ತಿ ಆಗುವುದಿಲ್ಲ. ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ 100 ವ್ಯಾಟ್ ಬರುತ್ತದೆ. ಯಾರನ್ನಾದರೂ ಊಟಕ್ಕೆ ಕರೆಯಿರಿ.

ಪೋರ್ಟ್ಸ್‌ಮತ್ ಪೈ: ಯಾವ ಕಂಪನಿ ಬೆಸ್ಟ್ ಸರ್?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಲಾರ್ಗ್ಸ್ ಅಪ್ಪ: ಸರ್, ನಾವು ಸ್ಕಾಟ್ಲೆಂಡ್‌ನ ಲಾರ್ಗ್ಸ್‌ನಲ್ಲಿ, 29 ಅಡಿ. ನಾನೂ ಅದೇ ಚೈನಾ ಕಿಟ್ ಕಾಕ್‌ಪಿಟ್ ಲಾಕರಿನಲ್ಲಿ, ಅಂದರೆ ಹಿಂದೆ ಕೂರುವ ಸೀಟಿನ ಕೆಳಗಿನ ಸಾಮಾನು ಪೆಟ್ಟಿಗೆಯಲ್ಲಿ, ಕೂರಿಸಿದ್ದೇನೆ. ಬಿಸಿ ಚೆನ್ನಾಗಿ ಬರುತ್ತೆ. ನನ್ನ ಪ್ರಶ್ನೆ ಬೇರೆ. ದೋಣಿ ಜೆಟ್ಟಿಗೆ ಕಟ್ಟಿದ್ದರೂ ಮಗಳಿಗೆ ವಾಂತಿ. ನಿನ್ನೆ ರಾತ್ರಿ ಆಯಿತು, ಬೆಳಿಗ್ಗೆ ಮತ್ತೆ. ನನಗೂ ಹೆಂಡತಿಗೂ ತಲೆನೋವು. ದಡದಲ್ಲಿ ಓಡಾಡಿದರೆ ಕಮ್ಮಿಯಾಗುತ್ತೆ. ಬಿಸಿಗಾಳಿ ತುಂಬಾ ಒಣ ಅಂತ ಹೀಗಾ? ಅಲಾರಂ ಒಂದು ಸುಮ್ನೆ ಕಿರುಚುತ್ತಿತ್ತು, ಬ್ಯಾಟರಿ ತೆಗೆದಿಟ್ಟೆ.

ಮೆಕ್ಯಾನಿಕ್: ಈಗ ದೋಣಿಯಲ್ಲಿದ್ದೀರಾ? ಎಲ್ಲರೂ ಮೊದಲು ದಡ ಹತ್ತಿ. ಹೀಟರ್ ಆಫ್. ಆಮೇಲೆ ಓದಿ.

ಮೆಕ್ಯಾನಿಕ್: ಇದನ್ನು ಸಮುದ್ರದ ವಾಂತಿ ಅಂದುಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂತಲೇ ಹಿಡಿದು ನಡೆಯಿರಿ. ದೋಣಿಯಲ್ಲಿದ್ದಾಗ ತಲೆನೋವು, ಇಳಿದರೆ ಇಲ್ಲ, ಅದೂ ಮನೆಮಂದಿಗೆಲ್ಲ ಒಟ್ಟಿಗೆ. ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಾ? ಬೆಂಗಳೂರಿನಲ್ಲಿ ಗ್ಯಾಸ್ ಗೀಸರ್ ಇದ್ದ ಬಚ್ಚಲುಮನೆಯಲ್ಲಿ ಜನ ಸತ್ತ ಸುದ್ದಿ ಓದಿರುತ್ತೀರಿ. ಅದೇ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಮೂವರೂ ಇವತ್ತೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಯಾರಿಗಾದರೂ ಮಂಪರು, ಎದೆನೋವು ಇದ್ದರೆ ಕಾರು ಹತ್ತಬೇಡಿ, 999ಕ್ಕೆ ಫೋನ್ ಮಾಡಿ. ಕಾರ್ಬನ್ ಮೊನಾಕ್ಸೈಡ್ ಸಂಶಯ ಅಂತ ಬಾಯಿ ಬಿಟ್ಟು ಹೇಳಿ, ರಕ್ತ ಪರೀಕ್ಷೆ ಕೇಳಿ.

ಏನಾಗಿರುತ್ತದೆ ಅಂತ ಹೇಳುತ್ತೇನೆ. ಲಾರಿಯಲ್ಲಿ ಈ ಪೈಪು ಗಾಡಿಯ ಹೊಟ್ಟೆ ಕೆಳಗೆ, ಬಯಲಲ್ಲಿ ಇರುತ್ತದೆ. ಕೀಲಿನಲ್ಲಿ ಸ್ವಲ್ಪ ಸೋರಿದರೆ ಯಾರಿಗೂ ತೊಂದರೆ ಇಲ್ಲ. ಅದಕ್ಕೇ ಆ ಸೈಲೆನ್ಸರ್ ತಗಡು ಮಡಚಿ ಮಾಡಿದ್ದು, ಬೆಸುಗೆ ಹಾಕಿದ್ದಲ್ಲ. ತಳದಲ್ಲಿ ನೀರಿಳಿಯಲು ಒಂದು ಸಣ್ಣ ತೂತು ಬೇರೆ. ನೀವು ಅದನ್ನು ತಂದು ಮುಚ್ಚಿದ ಲಾಕರಿನೊಳಗೆ ಇಟ್ಟಿದ್ದೀರಿ. ಸೋರಿದ ಹೊಗೆ ಅಲ್ಲೇ ತುಂಬುತ್ತದೆ. ಇನ್ನು ಹೀಟರಿನ ಫ್ಯಾನು ಗಾಳಿ ಎಳೆಯುವುದು ಎಲ್ಲಿಂದ? ಡಕ್ಟ್ (ಗಾಳಿ ಕೊಳವೆ) ಹಾಕದೇ ಬಾಯಿ ಹಾಗೇ ಬಿಟ್ಟಿದ್ದರೆ ಅದೇ ಲಾಕರಿನಿಂದ. ಅಂದರೆ ಆ ಗಾಳಿಯನ್ನೇ ಬಿಸಿ ಮಾಡಿ ಮಗಳು ಮಲಗುವ ಕಡೆಗೆ ಊದುತ್ತಿದೆ. ಹೀಟರ್ ಚೆನ್ನಾಗಿ ಓಡಿದಷ್ಟೂ ಕೇಡು.

2019ರ ಡಿಸೆಂಬರಿನಲ್ಲಿ ಯಾರ್ಕ್‌ನಲ್ಲಿ ಕಟ್ಟಿದ್ದ ಡೈವರ್ಷನ್ ಎಂಬ ದೋಣಿಯಲ್ಲಿ ಇಬ್ಬರು ಸತ್ತರು. ಡೀಸೆಲ್ ಹೀಟರಿನ ಹೊಗೆ ಕ್ಯಾಬಿನ್‌ಗೆ ಸೋರಿತ್ತು. ಅಲಾರಂ ಇರಲಿಲ್ಲ. ನಿಮ್ಮಲ್ಲಿ ಇತ್ತು. ಅದು ಸುಮ್ನೆ ಕಿರುಚಲಿಲ್ಲ ಸ್ವಾಮಿ.

ಮೈಸೂರು ಮಾಮಿ: ಅಯ್ಯೋ ಪಾಪ ಮಗು. ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಬೆರಳಿಗೆ ಹಾಕಿ ನೋಡಿ. 98 ಬಂದರೆ ಆಸ್ಪತ್ರೆ ಬೇಡ. ಈರುಳ್ಳಿ ಹೋಳು ಮಾಡಿ ನಾಲ್ಕು ಮೂಲೆಗೆ ಇಡಿ, ವಿಷಗಾಳಿ ಎಲ್ಲ ಹೀರುತ್ತೆ ಅಂತ ನಮ್ಮ ಗುಂಪಿನಲ್ಲಿ ಬಂದಿತ್ತು.

ಮೆಕ್ಯಾನಿಕ್: ಅಡ್ಮಿನ್, ಇದನ್ನು ಅಳಿಸಿ. ಆಕ್ಸಿಮೀಟರಿಗೆ ಕಾರ್ಬನ್ ಮೊನಾಕ್ಸೈಡ್ ಹತ್ತಿದ ರಕ್ತಕ್ಕೂ ಆಮ್ಲಜನಕ ಹತ್ತಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಾಯುವವನಿಗೂ 98 ತೋರಿಸಬಹುದು. ಈರುಳ್ಳಿ ಹುಳಿಗೆ ಹಾಕಿ.

ಮೈಸೂರು ಮಾಮಿ: ಒಳ್ಳೇದಕ್ಕೇ ಹೇಳಿದ್ದು. ಹಿರಿಯರ ಹತ್ತಿರ ಮಾತಾಡುವ ರೀತಿ ಇದಾ?

ಸಿಯಾಟಲ್ ಸೀನು: ಸರ್, ನನ್ನ ಎಬರ್‌ಸ್ಪೇಷರ್ ಆನ್ ಆಗಿ ಎರಡು ನಿಮಿಷಕ್ಕೆ ಆಫ್ ಆಗುತ್ತೆ. ಬ್ಯಾಟರಿ 12.5 ವೋಲ್ಟ್ ಇದೆ.

ಮೆಕ್ಯಾನಿಕ್: ಬ್ಯಾಟರಿಯಲ್ಲಿ ನೋಡಬೇಡಿ. ಹೀಟರಿನ ಪ್ಲಗ್ ಹತ್ತಿರ ಅಳೆಯಿರಿ, ಡೀಸೆಲ್ ಹೊತ್ತಿಸುವ ಗ್ಲೋ ಪಿನ್ ಬಿಸಿಯಾಗುತ್ತಿರುವಾಗಲೇ. ಆಗ 8-10 ಆಂಪಿಯರ್ ಎಳೆಯುತ್ತದೆ. ತಂತಿ ತೆಳ್ಳಗಿದ್ದರೆ, ಫ್ಯೂಸಿನ ಕಾಲು ಹಸಿರುಗಟ್ಟಿದ್ದರೆ ಅಲ್ಲಿ 10.5ಕ್ಕಿಂತ ಕೆಳಗೆ ಬಿದ್ದಿರುತ್ತದೆ. ದಪ್ಪ ತಂತಿ ಹಾಕಿ.

ತೀರ್ಥಹಳ್ಳಿ ಗಾಳಿ: ಇಷ್ಟೆಲ್ಲ ಯಂತ್ರ ಯಾಕೆ ಬೇಕು? ನಮ್ಮ ಅಜ್ಜಿ ಮನೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಮಳೆಗಾಲ ಪೂರ್ತಿ ಕಳೆಯುತ್ತಿದ್ದರು. ಯಾರೂ ಸತ್ತಿಲ್ಲ.

ಬ್ರಿಸ್ಟಲ್ ಬೋರೇಗೌಡ: ನಿಮ್ಮ ಅಜ್ಜಿ ಮನೆಗೆ ಹೆಂಚಿನ ಸಂದಿ ಇತ್ತು. ಫೈಬರ್ ದೋಣಿಗೆ ಎಲ್ಲಿದೆ ಹೆಂಚು?

ತೀರ್ಥಹಳ್ಳಿ ಗಾಳಿ: ಚೈನಾ ಮಾಲು ಹಾಕಿಕೊಂಡವರು ನಮಗೆ ಬುದ್ಧಿ ಹೇಳೋದು ಬೇಡ.

ಬ್ರಿಸ್ಟಲ್ ಬೋರೇಗೌಡ: ದೋಣಿಯೇ ಇಲ್ಲದವರು ಇಲ್ಲಿ ಯಾಕೆ ಬಂದ್ರಿ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮೆಕ್ಯಾನಿಕ್: ಕೆಂಡ ಬೇಡ, ಒಲೆ ಹಚ್ಚಿಟ್ಟು ಮಲಗುವುದೂ ಬೇಡ. 2014ರ ಜನವರಿಯಲ್ಲಿ ವಿಟ್ಬಿಯಲ್ಲಿ ಎಷ್‌ಕಾಲ್ ಎಂಬ ಮೀನು ದೋಣಿಯ ಇಬ್ಬರು, ಗ್ಯಾಸ್ ಒಲೆಯ ಗ್ರಿಲ್ ಹಚ್ಚಿ ಮಲಗಿದವರು ಏಳಲಿಲ್ಲ. ಇನ್ನೊಂದು. ಚಿಮಣಿ ಇಲ್ಲದ ಯಾವ ಉರಿಯೂ ಒಳಗೇ ನೀರು ಬಿಡುತ್ತದೆ. ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರಿನ ಆವಿ. ಅದು ನಿಮ್ಮ ಹಾಸಿಗೆಯ ಅಡಿಗೇ ಬಂದು ಕೂರುತ್ತದೆ.

ಓಬನ್ ಉಡುಪ: ಡೆನ್ಮಾರ್ಕಿನ ರೆಫ್ಲೆಕ್ಸ್ ಡೀಸೆಲ್ ಒಲೆ ಹೇಗೆ? ಕರೆಂಟೇ ಬೇಡವಂತೆ. 31 ಅಡಿ.

ಮೆಕ್ಯಾನಿಕ್: ಬಂದರಿನಲ್ಲಿ ನಿಂತೇ ಇರುವವರಿಗೆ ಬಹಳ ಚೆನ್ನ. ಚಿಮಣಿಗೆ ಎತ್ತರ ಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೆ ತಳ್ಳುತ್ತದೆ. ದೋಣಿ ವಾಲಿಸಿ ಓಡಿಸುವಾಗ ಹಚ್ಚಬೇಡಿ.

ಕಾರ್ಡಿಫ್ ಕಾಮತ್: ನಾವೇ ಕೂರಿಸಿಕೊಂಡರೆ ಇನ್ಶೂರೆನ್ಸ್‌ನವರು ತಕರಾರು ಮಾಡುತ್ತಾರಾ?

ಪೋರ್ಟ್ಸ್‌ಮತ್ ಪೈ: ಸರ್ ಕಂಪನಿ ಹೆಸರು?

ಮೆಕ್ಯಾನಿಕ್: ಪೈಗಳೇ, ಕಣ್ಣಿದೆಯಲ್ಲ.

ಲಾರ್ಗ್ಸ್ ಅಪ್ಪ: ಸರ್, ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ರಕ್ತದಲ್ಲಿ ಇತ್ತು. ಮಗಳಿಗೆ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು, ಈಗ ಎದ್ದು ಬಿಸ್ಕತ್ತು ಕೇಳುತ್ತಿದ್ದಾಳೆ. ಪಕ್ಕದ ದೋಣಿಯವರು ಲಾಕರ್ ತೆರೆದು ಫೋಟೋ ಕಳಿಸಿದರು. ಸೈಲೆನ್ಸರ್ ಮಡಿಕೆಯ ಉದ್ದಕ್ಕೂ ಬಿಳಿ ಗೋಡೆ ಮೇಲೆ ಕಪ್ಪು ಪಟ್ಟಿ. ಫ್ಯಾನಿನ ಬಾಯಿ ಅದರಿಂದ ಒಂದು ಗೇಣು ದೂರ. ಮುಂದೆ ಏನು ಮಾಡಲಿ?

ಮೆಕ್ಯಾನಿಕ್: ಒಳ್ಳೆಯ ಸುದ್ದಿ. ಮಗುವನ್ನು ಅವರು ಹೇಳುವಷ್ಟು ಹೊತ್ತು ಅಲ್ಲೇ ಇರಿಸಿ. ಪೈಪು, ಸೈಲೆನ್ಸರ್, ಕ್ಲಿಪ್ಪು ಎಲ್ಲ ಎಸೆಯಿರಿ. ಬೆಸುಗೆ ಹಾಕಿದ, ಹೊಗೆ ಸೋರದ ಮರೈನ್ ಸೈಲೆನ್ಸರ್ ತನ್ನಿ. ದೋಣಿಗೆ ಅಂತ ಮಾಡಿದ ಸ್ಟೇನ್‌ಲೆಸ್ ಪೈಪು ತನ್ನಿ, ಹೊರಗೆ ಬೀಳುವವರೆಗೂ ನಡುವೆ ಜೋಡಣೆ ಇಲ್ಲದ ಒಂದೇ ತುಂಡು. ಹೊರ ಬಾಯಿಗೆ ಮೊದಲು ಹಂಸದ ಕತ್ತಿನ ಹಾಗೆ ಮೇಲೆತ್ತಿ ಬಗ್ಗಿಸಿ, ಅಲೆ ನುಗ್ಗಬಾರದು. ಮೈತುಂಬ ಶಾಖ ತಡೆಯುವ ಬಟ್ಟೆ ಸುತ್ತಿ, ಆ ಪೈಪು ಹಗ್ಗವನ್ನೂ ಪ್ಲೈವುಡ್ಡನ್ನೂ ಸುಡುತ್ತದೆ. ಫ್ಯಾನಿನ ಬಾಯಿಗೆ ಡಕ್ಟ್ ಹಾಕಿ ಗಾಳಿಯನ್ನು ಕ್ಯಾಬಿನ್ನಿನಿಂದಲೋ ಹೊರಗಿನಿಂದಲೋ ಎಳೆಸಿ, ಲಾಕರಿನಿಂದ ಮಾತ್ರ ಬೇಡ. ಅಲಾರಂ ಎರಡು ತಗೊಳ್ಳಿ, ಒಂದು ಮಗಳು ಮಲಗುವ ಕಡೆ. ಡಬ್ಬದ ಮೇಲೆ ಇಎನ್ 50291-2 ಅಂತ ಇರಬೇಕು, ಕೊನೆಯ 2 ದೋಣಿ, ಕ್ಯಾರವಾನ್‌ಗೆ. ಮುಗಿದ ಮೇಲೆ ಹಚ್ಚುವ ಮೊದಲು ಅಲ್ಲಿಯ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ತೋರಿಸಿ.

ಬ್ರಿಸ್ಟಲ್ ಬೋರೇಗೌಡ: ಒಬ್ಬರ ಪೈಪು ಸೋರಿದರೆ ಎಲ್ಲ ಚೈನಾದ್ದೂ ಕೆಟ್ಟದ್ದಾ ಅಣ್ಣಾ?

ಮೆಕ್ಯಾನಿಕ್: ಗೌಡ್ರೇ, ಬರ್ನರ್ ಅಲ್ಲ, ಪೈಪು ಅಂತ ಮೊದಲೇ ಹೇಳಿದೆ. ಲಾಕರ್ ಮುಚ್ಚಳ ತೆಗೆದು ಸೈಲೆನ್ಸರಿನ ತಳ ಸವರಿ ನೋಡಿ. ಹೀಟರ್ ತಣ್ಣಗಿರುವಾಗ. ತೂತು ಸಿಗುತ್ತಾ ಹೇಳಿ.

ಬ್ರಿಸ್ಟಲ್ ಬೋರೇಗೌಡ: ಇದೆ. ನೀರು ಇಳಿಯೋಕೆ ಅಂತ ನೀವೇ ಹೇಳಿದ್ರಲ್ಲ.

ಮೆಕ್ಯಾನಿಕ್: ನೀರು ಇಳಿಯುವ ತೂತಿನಲ್ಲಿ ಹೊಗೆ ಇಳಿಯುವುದಿಲ್ಲವೇ? ಅದನ್ನು ಬದಲಿಸುವವರೆಗೆ ಹಚ್ಚಬೇಡಿ.

ಬ್ರಿಸ್ಟಲ್ ಬೋರೇಗೌಡ: ಮತ್ತೆ ಇವತ್ತು ರಾತ್ರಿ? ಇಲ್ಲಿ 2 ಡಿಗ್ರಿ.

ಮೆಕ್ಯಾನಿಕ್: ರಗ್ಗು.