ಸಹಾಯ ಬೇಕು: ಮಡಿಕೇರಿಯಿಂದ ಸಿನಿಮಾಗೆ ಹೋಗೋರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. 2026ಕ್ಕೆ ನೋಡಲೇಬೇಕಾದ ಸಿನಿಮಾಗಳನ್ನು ಅಡುಗೆಮನೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿದ್ದೇನೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಹಾಲಿವುಡ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಕೂತಿದ್ದಾರೆ! ಅಮ್ಮ ಬೈದಾಯ್ತು.

ಮೊದಲ ತಲೆನೋವು ಅದೇ ನೋಲನ್ ಅವರ 'ದಿ ಒಡಿಸ್ಸಿ'. ಜುಲೈ 17 ಎಂದು ಘೋಷಿಸಿದ್ದಾರೆ. ಪೂರ್ತಿ ಸಿನಿಮಾವನ್ನು ಐಮ್ಯಾಕ್ಸ್ (ಭಾರಿ ದೊಡ್ಡ ಪರದೆಯ) ಫಿಲಂ ಕ್ಯಾಮೆರಾದಲ್ಲೇ ತೆಗೆದಿದ್ದಾರಂತೆ, ಅದನ್ನು ಮೊಬೈಲಿನಲ್ಲಿ ನೋಡಿದರೆ ಪಾಪ ಸುತ್ತಿಕೊಳ್ಳುತ್ತದೆ ಅಲ್ವಾ? ಆದರೆ ಆಗ ನಮ್ಮಲ್ಲಿ ಕಕ್ಕಡ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳು, ಶುರು. ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹಿಂದೊಮ್ಮೆ ಮೈಸೂರಿಗೆ ಟಿಕೆಟ್ ಬುಕ್ ಮಾಡಿ ಹೊರಟಾಗ ಸುಂಟಿಕೊಪ್ಪದ ಹತ್ತಿರ ಮರ ಬಿದ್ದಿತ್ತು. ಗರಗಸ ಬರುವ ತನಕ ಬಸ್ಸಿನಲ್ಲೇ ಕಡ್ಲೆಕಾಯಿ ತಿಂದೆ. ಥಿಯೇಟರ್ ಮುಟ್ಟಿದಾಗ ಇಂಟರ್ವಲ್. ಪಕ್ಕದ ಸೀಟಿನವರೇ ಮೊದಲರ್ಧದ ಕಥೆ ಹೇಳಿದರು, ಕೊಲೆಗಾರ ಯಾರು ಅನ್ನೋದನ್ನೂ ಸೇರಿಸಿ.

ದೀಪಾವಳಿಗೆ 'ರಾಮಾಯಣ' ಮೊದಲ ಭಾಗ. ರಣಬೀರ್ ರಾಮ ಇರಲಿ, ನಾನು ಹೋಗೋದು ಯಶ್ ರಾವಣನಿಗೆ. ಡಿಸೆಂಬರ್ 18ಕ್ಕೆ ಹಾಲಿವುಡ್ ಸೂಪರ್‌ಹೀರೋಗಳ 'ಅವೆಂಜರ್ಸ್: ಡೂಮ್ಸ್‌ಡೇ' ಇದೆ. ಆಗ ಕಾಫಿ ಕುಯ್ಲು, ಮನೆಯಿಂದ ರಜೆ ಸಿಗೋದು ಡೌಟು.

ಈಗ ವಿಷಯಕ್ಕೆ ಬರ್ತೀನಿ. ಮೈಸೂರಿನಲ್ಲಿ ಸೆಕೆಂಡ್ ಶೋ ಮುಗಿಸಿ ರಾತ್ರಿಯೇ ಮಡಿಕೇರಿಗೆ ಬರಲು ಯಾವ ಬಸ್ ನಂಬಬಹುದು? ಜುಲೈಯಲ್ಲಿ ಐಮ್ಯಾಕ್ಸ್‌ಗೆ ಬೆಂಗಳೂರಿಗೆ ಕಾರಿನಲ್ಲಿ ಹೋಗೋರಿದ್ದರೆ ನನಗೂ ಒಂದು ಸೀಟ್ ಕೊಡಿ. ಪೆಟ್ರೋಲ್ ಖರ್ಚು ಹಂಚಿಕೊಳ್ಳೋಣ. ಕುಶಾಲನಗರದಿಂದ ಹತ್ತೋದಾದರೂ ಸರಿ. ಕಡ್ಲೆಕಾಯಿ ನನ್ನದು.